ಪಲ್ಲಾವರಂನ ಪ್ರಶ್ನೆಗಳಿಗೆ ಹಣ ಎಲ್ಲಿಂದ?

2024ರ ಡಿಸೆಂಬರ್ ಮೊದಲ ವಾರ. ಚೆನ್ನೈನ ದಕ್ಷಿಣ ಅಂಚಿನ ಪಲ್ಲಾವರಂನಲ್ಲಿ, ದಂಡುಪ್ರದೇಶಕ್ಕೆ ತಾಗಿಕೊಂಡ ಬೀದಿಗಳಲ್ಲಿ ಜನ ವಾಂತಿಭೇದಿಯಿಂದ ನೆಲ ಹಿಡಿದರು. ಹತ್ತಾರು ಮಂದಿ ಕ್ರೋಮ್‌ಪೇಟೆಯ ಸರ್ಕಾರಿ ಆಸ್ಪತ್ರೆ ಸೇರಿದರು. ಸಾವೂ ಆಯಿತು. ಕುಡಿಯುವ ನೀರಿಗೆ ಚರಂಡಿ ಸೇರಿದೆ ಎಂದು ನಿವಾಸಿಗಳು ದೂರಿದರು. ಹಾಗಾಗಿರಲಾರದು ಎಂದು ಸರ್ಕಾರದ ಕಡೆಯವರು ಹೇಳಿದರು. ನೀರಿನ ಮಾದರಿಗಳು ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿಗೆ ಹೋದವು. ವೈದ್ಯಕೀಯ ಶಿಬಿರ ನಡೆಯಿತು, ಟ್ಯಾಂಕರ್ ಬಂತು, ಸುದ್ದಿ ನಿಧಾನಕ್ಕೆ ಒಳಪುಟಕ್ಕೆ ಸರಿಯಿತು.

ಇಂಥ ಹೊತ್ತಿನಲ್ಲಿ ಕಾರಣ ಹುಡುಕುವುದು ಒಂದು ಕಸುಬು. ಯಾವ ಮನೆಯಲ್ಲಿ ಮೊದಲು ಕಾಣಿಸಿತು, ಒಂದೇ ನಲ್ಲಿಯ ನೀರು ಕುಡಿದವರಲ್ಲಿ ಯಾರು ಮಲಗಿದರು, ಯಾರು ಮಲಗಲಿಲ್ಲ, ಹಿಂದಿನ ಎರಡು ದಿನ ಏನು ತಿಂದಿದ್ದರು, ಪೈಪು ಚರಂಡಿಯನ್ನು ಎಲ್ಲಿ ದಾಟುತ್ತದೆ, ಇವನ್ನೆಲ್ಲ ಮನೆಮನೆಗೆ ಹೋಗಿ ಕೇಳಬೇಕು, ನಕ್ಷೆಯ ಮೇಲೆ ಗುರುತು ಹಾಕಬೇಕು, ಲೆಕ್ಕಕ್ಕೆ ಕೂರಬೇಕು. ಔಷಧಿ ಶುರುವಾಗುವ ಮೊದಲೇ ಮಲದ ಮಾದರಿ ತೆಗೆದಿಡಬೇಕು. ಇದನ್ನು ಮಾಡಬಲ್ಲವರು ಕಾಯಿಲೆ ಬಂದ ದಿನ ಉದ್ಭವಿಸುವುದಿಲ್ಲ. ವರ್ಷಗಳ ಹಿಂದೆಯೇ ಯಾರೋ ಅವರಿಗೆ ಕಲಿಸಿರಬೇಕು, ಸಂಬಳ ಕೊಟ್ಟು ಉಳಿಸಿಕೊಂಡಿರಬೇಕು. ಆರೋಗ್ಯ ಸಂಶೋಧನೆಯ ಅನುದಾನದ ಮಾತು ಬಂದಾಗಲೆಲ್ಲ ನಾವು ಯಂತ್ರ, ಪ್ರಯೋಗಾಲಯ, ಕೋಟಿಗಳ ಬಗ್ಗೆ ಮಾತಾಡುತ್ತೇವೆ. ನಾನು ಇಲ್ಲಿ ಹೇಳಹೊರಟಿರುವುದು ಆ ಮನುಷ್ಯರ ಬಗ್ಗೆ: ಅವರಿಗೆ ಹಣ ಎಲ್ಲಿದೆ, ಅದನ್ನು ಹೇಗೆ ಕೇಳಬೇಕು, ಕೇಳುವಾಗ ಎಲ್ಲಿ ಎಡವುತ್ತೇವೆ.

ಪಲ್ಲಾವರಂಗೆ ಈ ವಿಷಯದಲ್ಲಿ ಒಂದು ಹಳೆಯ ಸಾಕ್ಷಿ ಇದೆ. 1863ರ ಮೇ 30ರಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿಯ ಜಲ್ಲಿಗುಂಡಿಯೊಂದರಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಎತ್ತಿಕೊಂಡ. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ದಾರಿ ತೆರೆದದ್ದು ಆ ಕಲ್ಲು. ಸರ್ಕಾರ ಅವನನ್ನು ನೇಮಿಸಿದ್ದು ಬಂಡೆಗಳ ನಕ್ಷೆ ಮಾಡಲು. ತಿಂಗಳ ಸಂಬಳದ ಮೇಲೆ ಊರೂರು ತಿರುಗುವ, ಪಳಗಿದ ಕಣ್ಣೊಂದು ಇತ್ತು. ಉಳಿದವರಿಗೆ ಜಲ್ಲಿಯಾಗಿ ಕಂಡದ್ದು ಅವನಿಗೆ ಆಯುಧವಾಗಿ ಕಂಡಿತು.

ಇವತ್ತಿನ ಪಲ್ಲಾವರಂ ತಾಂಬರಂ ಮಹಾನಗರಪಾಲಿಕೆಯ ಭಾಗ. 2021ರಲ್ಲಿ ಪುರಸಭೆ ಅದರಲ್ಲಿ ಸೇರಿಹೋಯಿತು. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಗ್ರ್ಯಾಂಡ್ ಸದರ್ನ್ ಟ್ರಂಕ್ ಅಂದರೆ ಜಿಎಸ್‌ಟಿ ರಸ್ತೆ, ನಡುವೆ ರಸ್ತೆಯೊಂದು ಸೀಳಿಕೊಂಡು ಹೋದ ದೊಡ್ಡ ಕೆರೆ, ಹಳೇ ಸಾಮಾನಿನ ಶುಕ್ರವಾರದ ಸಂತೆ. ಪಕ್ಕದ ಕ್ರೋಮ್‌ಪೇಟೆಗೆ ಹೆಸರು ಬಂದದ್ದೇ ಕ್ರೋಮ್ ಲೆದರ್ ಕಂಪನಿಯಿಂದ. ಪಲ್ಲಾವರಂ, ನಾಗಲ್‌ಕೇಣಿ ಸುತ್ತ ಚರ್ಮ ಹದ ಮಾಡುವ ಕಾರ್ಖಾನೆಗಳು ದಶಕಗಳಿಂದ ನಡೆದುಬಂದಿವೆ. ಹದಕ್ಕೆ ಬಳಸುವ ಕ್ರೋಮಿಯಂ ಲವಣ ಮೂರು ವೇಲೆನ್ಸಿಯದು, ಅದರಿಂದ ಅಪಾಯ ಕಡಿಮೆ. ಆದರೆ ಕೆಲವು ಸ್ಥಿತಿಗಳಲ್ಲಿ ಅದು ಆರು ವೇಲೆನ್ಸಿಯ ರೂಪಕ್ಕೆ ಬದಲಾಗಬಲ್ಲದು, ಆ ರೂಪ ಕ್ಯಾನ್ಸರ್‌ಕಾರಕ. ಇಲ್ಲಿಯ ಅಂತರ್ಜಲದಲ್ಲಿ ಕ್ರೋಮಿಯಂ ಎಷ್ಟಿದೆ ಎಂದು ಅಳೆದ ಅಧ್ಯಯನಗಳು ಹಲವು. ಬಾವಿಯ ನೀರನ್ನು ಅಳೆಯುವುದು ಸುಲಭ. ಆ ನೀರಿನ ಪಕ್ಕದಲ್ಲಿ ಮೂವತ್ತು ವರ್ಷ ಬದುಕಿದ ಹೆಂಗಸಿನ ಚರ್ಮ, ಶ್ವಾಸಕೋಶ, ಮೂತ್ರಪಿಂಡ ಹೇಗಿವೆ ಎಂದು ವರ್ಷವರ್ಷ ಹಿಂಬಾಲಿಸಿ ನೋಡುವುದು ದುಬಾರಿ, ನಿಧಾನ. ಅದಕ್ಕೆ ಬೇಕಾದದ್ದು ಜನ.

ಜನ ಇಲ್ಲವೇ? ಸುತ್ತಮುತ್ತ ಕಣ್ಣು ಹಾಯಿಸಿದರೆ ಇಲ್ಲ ಅನ್ನಲಾಗದು. ವೇಲ್ಸ್ ವಿಶ್ವವಿದ್ಯಾಲಯ ಪಲ್ಲಾವರಂನಲ್ಲೇ ಇದೆ. ಕ್ರೋಮ್‌ಪೇಟೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜು, ತಾಂಬರಂ ಸ್ಯಾನಟೋರಿಯಂನಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆ, ಪೋರೂರಿನಲ್ಲಿ ಶ್ರೀ ರಾಮಚಂದ್ರ. ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ, ದಂತವೈದ್ಯಕೀಯ ಓದುವ ಮಕ್ಕಳಿಂದ ಲೋಕಲ್ ಟ್ರೈನು ತುಂಬಿರುತ್ತದೆ. ಅವರಿಗೆ ಪಾಠ ಹೇಳುವ ಮೇಷ್ಟ್ರುಗಳಲ್ಲಿ ಸಂಶೋಧನೆಯ ಹಂಬಲ ಇರುವವರೂ ಬಹಳ. ನರ್ಸಿಂಗ್ ಕಾಲೇಜುಗಳು ಕಿಕ್ಕಿರಿದ ನಮ್ಮ ಕರ್ನಾಟಕದ ಸ್ಥಿತಿಯೂ ಇದೇ. ಇಲ್ಲದಿರುವುದು ಈ ಜನರನ್ನೂ ಆ ನಾಗಲ್‌ಕೇಣಿಯ ಹೆಂಗಸಿನ ಪ್ರಶ್ನೆಯನ್ನೂ ಒಂದೆಡೆ ತಂದು, ಐದಾರು ವರ್ಷ ಜೊತೆಗಿರಿಸುವ ಹಣ.

ಹಾಗೆ ಒಂದೆಡೆ ತಂದ ಹಣ ಏನು ಮಾಡಬಲ್ಲದು ಎನ್ನುವುದಕ್ಕೆ ಚೆನ್ನೈಗಿಂತ ದೊಡ್ಡ ಉದಾಹರಣೆ ಜಗತ್ತಿನಲ್ಲೇ ಕಡಿಮೆ. ಪಲ್ಲಾವರಂನಿಂದ ರೈಲಿನಲ್ಲಿ ಕೆಲವೇ ನಿಲ್ದಾಣ ದಾಟಿದರೆ ತಾಂಬರಂ ಸ್ಯಾನಟೋರಿಯಂ. ಡಾ. ಡೇವಿಡ್ ಚೌರಿ ಮುತ್ತು 1928ರಲ್ಲಿ ಕ್ಷಯರೋಗಿಗಳಿಗಾಗಿ ತೆರೆದ ಚಿಕ್ಕ ಆಸ್ಪತ್ರೆ ಅದು. 1937ರಲ್ಲಿ ಸರ್ಕಾರ ವಹಿಸಿಕೊಂಡಿತು. ಆ ಕಾಲದ ನಂಬಿಕೆಯಂತೆ ಕ್ಷಯಕ್ಕೆ ಒಳ್ಳೆಯ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ, ಮನೆಯವರಿಂದ ದೂರ ಇರುವುದು, ಇವೇ ಮದ್ದು. ಬಡವರಿಗೆ ಈ ನಾಲ್ಕೂ ಎಟುಕದ್ದು. ದೇಶದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಕೆಲವೇ ಸಾವಿರ.

1956ರಲ್ಲಿ ಮದರಾಸಿನ ಚೆಟ್‌ಪೇಟೆಯಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವೊಂದು ಶುರುವಾಯಿತು. ಅದರ ಹಣದ ಜೋಡಣೆಯನ್ನು ಗಮನಿಸಬೇಕು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್, ಮದರಾಸು ರಾಜ್ಯ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಈ ನಾಲ್ವರು ಕೈ ಜೋಡಿಸಿದರು. ಐದು ವರ್ಷದ ಯೋಜನೆ. ಡಾ. ವ್ಯಾಲೇಸ್ ಫಾಕ್ಸ್ ಮುಂದಾಳು. ಪ್ರಶ್ನೆ ಒಂದೇ: ಇಕ್ಕಟ್ಟಾದ ಮನೆಯಲ್ಲಿ, ಅರೆಹೊಟ್ಟೆಯಲ್ಲಿ ಇರುವ ರೋಗಿಗೆ ಮನೆಯಲ್ಲೇ ಮಾತ್ರೆ ಕೊಟ್ಟರೆ ಸ್ಯಾನಟೋರಿಯಂನಷ್ಟೇ ಗುಣವಾಗುತ್ತದೆಯೇ? 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದು ವರ್ಷ ಔಷಧಿ ಕೊಟ್ಟರು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಸ್ಯಾನಟೋರಿಯಂನಲ್ಲಿದ್ದವರೂ ಹೆಚ್ಚುಕಡಿಮೆ ಒಂದೇ ರೀತಿ ಗುಣವಾಗಿದ್ದರು, ಮನೆಯವರಿಗೆ ರೋಗ ತಗಲುವ ಅಪಾಯವೂ ಹೆಚ್ಚಾಗಿರಲಿಲ್ಲ. ಜಗತ್ತಿನ ಸ್ಯಾನಟೋರಿಯಂಗಳ ಕಾಲ ಮುಗಿಯುವುದಕ್ಕೆ ಇದು ದೊಡ್ಡ ಕಾರಣವಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಔಷಧಿಯ ಹೆಸರು ಹೇಳಿ ಮುಗಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮನೆಮನೆಗೆ ಹೋಗುತ್ತಿದ್ದ ನರ್ಸುಗಳು, ಆರೋಗ್ಯ ಸಂದರ್ಶಕಿಯರು. ರೋಗಿ ಮಾತ್ರೆ ನುಂಗಿದನೋ ಇಲ್ಲವೋ ನೋಡಲು ಅವರು ಹೇಳದೆ ಕೇಳದೆ ಮನೆಗೆ ಹೋಗಿ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆಗೆ ಮಾದರಿ ತರುತ್ತಿದ್ದರು. ಅವರಿಲ್ಲದಿದ್ದರೆ ಆ ಅಧ್ಯಯನವನ್ನು ಯಾರೂ ನಂಬುತ್ತಿರಲಿಲ್ಲ. ಮಾತ್ರೆ ನುಂಗುವುದನ್ನು ಎದುರಿಗಿದ್ದು ನೋಡಬೇಕು ಎಂಬ, ಮುಂದೆ ಡಾಟ್ಸ್ ಎಂದು ಪ್ರಪಂಚವೆಲ್ಲ ಹರಡಿದ ಪದ್ಧತಿಯ ಬೇರು ಇರುವುದು ಇದೇ ಕೇಂದ್ರದ ನಂತರದ ಅಧ್ಯಯನಗಳಲ್ಲಿ. ಐದು ವರ್ಷಕ್ಕೆಂದು ಶುರುವಾದದ್ದು ಐಸಿಎಂಆರ್‌ನ ಕಾಯಂ ಸಂಸ್ಥೆಯಾಗಿ ಬೆಳೆದು, ಈಗ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಎಂಬ ಹೆಸರಿನಲ್ಲಿದೆ.

ಮದರಾಸು ಕೊಟ್ಟ ಉತ್ತರವನ್ನು ದೇಶಕ್ಕೆ ಹಂಚಬೇಕಿತ್ತು. ಆ ಕೆಲಸ ಬಿದ್ದದ್ದು ಬೆಂಗಳೂರಿನ ಮೇಲೆ. 1959ರಲ್ಲಿ ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ನೆಲೆ ಕಂಡಿತು. ಮರುವರ್ಷ ನೆಹರೂ ಬಂದು ಉದ್ಘಾಟಿಸಿದರು. ಭಾರತ ಸರ್ಕಾರದ ಹಣ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು, ಯುನಿಸೆಫ್‌ನ ಸಲಕರಣೆ. ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದರು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ಕ್ಷಯರೋಗಿಗಳ ಮನೆಗಳಲ್ಲಿ ಕೂತು ಕೇಳಿದ್ದು ತೀರಾ ಸರಳ: ನಿಮಗೆ ಕಾಯಿಲೆ ಇದೆ ಎಂದು ಗೊತ್ತಿತ್ತೇ, ಗೊತ್ತಾದಾಗ ಏನು ಮಾಡಿದಿರಿ? ಹಳ್ಳಿಯವರಿಗೆ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎನ್ನುವುದು ಆಗಿನ ಅಧಿಕಾರಿಗಳ ಮಾತಾಗಿತ್ತು. ತುಮಕೂರಿನ ಹಳ್ಳಿಗರು ಬೇರೆಯೇ ಹೇಳಿದರು. ಬಹುಪಾಲು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಒಂದಲ್ಲ ಒಂದು ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ. 1963ರಲ್ಲಿ ಪ್ರಕಟವಾದ ಈ ಅಧ್ಯಯನ ತಪ್ಪನ್ನು ರೋಗಿಯ ತಲೆಯಿಂದ ಇಳಿಸಿ ವ್ಯವಸ್ಥೆಯ ಮೇಲೆ ಇಟ್ಟಿತು. ಕಫ ಪರೀಕ್ಷೆ ಊರಿನ ಸಾಮಾನ್ಯ ಆಸ್ಪತ್ರೆಯಲ್ಲೇ ಆಗಬೇಕು, ಔಷಧಿಯೂ ಅಲ್ಲೇ ಸಿಗಬೇಕು ಎಂಬ ರಾಷ್ಟ್ರೀಯ ಕಾರ್ಯಕ್ರಮದ ರೂಪ ಬಂದದ್ದು ಈ ಬಗೆಯ ಕೆಲಸದಿಂದ.

ಅದೇ ಸಂಸ್ಥೆ ಇನ್ನೊಂದು ಕೈಯಲ್ಲಿ ಜನರನ್ನು ತಯಾರು ಮಾಡಿತು. ಜಿಲ್ಲೆಗೊಂದು ತಂಡ: ಜಿಲ್ಲಾ ಕ್ಷಯರೋಗ ಅಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಾಲಯ ತಂತ್ರಜ್ಞ, ಎಕ್ಸ್‌ರೇ ತಂತ್ರಜ್ಞ, ಅಂಕಿಅಂಶ ಸಹಾಯಕ. ಇಡೀ ತಂಡ ಒಟ್ಟಿಗೆ ಬೆಂಗಳೂರಿಗೆ ಬರಬೇಕು, ಒಟ್ಟಿಗೆ ಕಲಿಯಬೇಕು, ಒಟ್ಟಿಗೆ ಜಿಲ್ಲೆಗೆ ಹಿಂದಿರುಗಬೇಕು. ವೈದ್ಯನನ್ನು ಮಾತ್ರ ಕರೆಸಿ ಪ್ರಮಾಣಪತ್ರ ಕೊಟ್ಟು ಕಳಿಸುವ ಇವತ್ತಿನ ತರಬೇತಿಗಳನ್ನು ನೋಡಿದಾಗ ಆ ಕಾಲದವರ ವಿವೇಕ ಎಷ್ಟು ದೊಡ್ಡದಿತ್ತು ಅನ್ನಿಸುತ್ತದೆ. ಅಲ್ಲಿ ದುಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ ಆಟಾ ಘೋಷಣೆ, ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಎಂಬ ಸಂಕಲ್ಪ, ಅವರ ಅವಧಿಯದು.

ಹಣವೇ ಇಲ್ಲದಿದ್ದರೂ ದೊಡ್ಡ ಕೆಲಸ ಆಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅವರು ತೋರಿಸುವ ಉದಾಹರಣೆಯೂ ಚೆನ್ನೈಯದೇ. ಮದರಾಸು ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಗುರು ಸುನೀತಿ ಸಾಲೊಮನ್ ಅವರ ಮಾತಿನ ಮೇಲೆ, ತನ್ನ ಪ್ರಬಂಧಕ್ಕಾಗಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳ ರಕ್ತದ ಸುಮಾರು 80 ಮಾದರಿ ಸಂಗ್ರಹಿಸಿದರು. ಕೈಗವಸು ಇರಲಿಲ್ಲ. ಮಾದರಿಗಳು ಮನೆಯ ಫ್ರಿಜ್ಜಿನಲ್ಲಿ ಇದ್ದವು. 1986ರ ಫೆಬ್ರುವರಿಯಲ್ಲಿ ಗಂಡನ ಜೊತೆ ರಾತ್ರಿ ರೈಲು ಹತ್ತಿ ಅವನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಒಯ್ದರು. ಆರರಲ್ಲಿ ಎಚ್‌ಐವಿ ಕಂಡಿತು. ಭಾರತಕ್ಕೆ ಏಡ್ಸ್ ಬಂದಿದೆ ಎಂದು ತಿಳಿದದ್ದು ಹೀಗೆ. ನಿರ್ಮಲಾ ಮುಂದೆ ಸೇರಿದ್ದು ಕಿಂಗ್ ಇನ್‌ಸ್ಟಿಟ್ಯೂಟಿಗೆ.

ಅವರ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ಅದನ್ನು ಹಣವಿಲ್ಲದೆಯೂ ಆಗುತ್ತದೆ ಎನ್ನುವುದಕ್ಕೆ ಸಾಕ್ಷಿ ಮಾಡುವುದು ಅನ್ಯಾಯ. ಕೈಗವಸಿಲ್ಲದೆ ರಕ್ತ ತೆಗೆದ ಹೆಣ್ಣುಮಗಳಿಗೆ ಏನೂ ಆಗಲಿಲ್ಲ ಎನ್ನುವುದು ನಮ್ಮ ಪುಣ್ಯ. ಮುಂದೆ ಸಾಲೊಮನ್ 1993ರಲ್ಲಿ ಕಟ್ಟಿದ ವೈಆರ್‌ಜಿ ಕೇರ್ ಸಂಸ್ಥೆ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಂದರೆ ಎನ್‌ಐಎಚ್‌ನ ಹಣದಲ್ಲಿ ನಡೆದ ಎಚ್‌ಪಿಟಿಎನ್ 052 ಎಂಬ ಬಹುದೇಶೀಯ ಅಧ್ಯಯನದ ಒಂದು ಕೇಂದ್ರವಾಯಿತು. ಬೇಗ ಔಷಧಿ ಶುರು ಮಾಡಿದರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲಿ ಹೇಳಿದ ಅಧ್ಯಯನ ಅದು. ಫ್ರಿಜ್ಜಿನ ಮಾದರಿಯಿಂದ ಅಲ್ಲಿಯವರೆಗೆ ನಡೆಯಲು ಕಾಲು ಶತಮಾನ ಹಿಡಿಯಿತು, ನಡೆಸಿದ್ದು ನಿಂತ ಹಣ, ನಿಂತ ಜನ.

ಈಗ ಹಣ ಎಲ್ಲಿದೆ ನೋಡೋಣ. ಮೊದಲ ಬಾಗಿಲು ಐಸಿಎಂಆರ್. 1911ರಲ್ಲಿ ಭಾರತೀಯ ಸಂಶೋಧನಾ ನಿಧಿ ಸಂಘವಾಗಿ ಹುಟ್ಟಿ 1949ರಲ್ಲಿ ಈಗಿನ ಹೆಸರು ಪಡೆದ ಸಂಸ್ಥೆ. ಹೊರಗಿನ ಸಂಶೋಧಕರಿಗೆ ಅದು ಕೊಡುವ ಸಣ್ಣ ಅನುದಾನದ ಮಿತಿ ಎರಡು ಕೋಟಿ ರೂಪಾಯಿ, ಮಧ್ಯಮ ಅನುದಾನ ಎರಡರಿಂದ ಎಂಟು ಕೋಟಿ. ಅರ್ಜಿ ಆನ್‌ಲೈನ್‌ನಲ್ಲೇ. ವೈದ್ಯ ವಿದ್ಯಾರ್ಥಿಗಳಿಗೆ 1979ರಿಂದ ನಡೆದುಬಂದಿರುವ ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿವೇತನವೂ ಅದರದೇ. ಇವತ್ತಿನ ಎಷ್ಟೋ ಹಿರಿಯ ಸಂಶೋಧಕರು ಮೊದಲ ಅಕ್ಷರ ಕಲಿತದ್ದು ಅಲ್ಲಿ. ಐಸಿಎಂಆರ್‌ನ ಮೇಲಿರುವ ಆರೋಗ್ಯ ಸಂಶೋಧನಾ ಇಲಾಖೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಬಹುಶಾಸ್ತ್ರೀಯ ಸಂಶೋಧನಾ ಘಟಕ ಕಟ್ಟಲು ಹಣ ಕೊಡುತ್ತದೆ. ಅದರ ಮಾನವ ಸಂಪನ್ಮೂಲ ಯೋಜನೆಯಲ್ಲಿ, ಮದುವೆ ಮಕ್ಕಳೆಂದು ಕೆಲಸ ಬಿಟ್ಟ ಮಹಿಳಾ ವಿಜ್ಞಾನಿಗಳು ಮರಳಲು ಫೆಲೋಶಿಪ್ ಇದೆ. ಇದನ್ನು ಎಲ್ಲರಿಗೂ ಕೂಗಿ ಹೇಳಬೇಕು.

ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಕಟ್ಟಿದ ಇಂಡಿಯಾ ಅಲೈಯನ್ಸ್, ಯೋಜನೆಗಿಂತ ಹೆಚ್ಚಾಗಿ ವ್ಯಕ್ತಿಯನ್ನು ನೋಡಿ ಹಣ ಕೊಡುತ್ತದೆ. ಸಾರ್ವಜನಿಕ ಆರೋಗ್ಯದವರಿಗೂ ಅಲ್ಲಿ ಜಾಗವಿದೆ. ಉಪಕರಣವನ್ನೋ ಪರೀಕ್ಷಾ ಕಿಟ್ಟನ್ನೋ ರೂಪಿಸುವ ಆಲೋಚನೆ ಇದ್ದರೆ ಅದೇ ಇಲಾಖೆಯ ಬೈರಾಕ್ ಸಂಸ್ಥೆಯ ‘ಬಿಗ್’ ಅನುದಾನ, ಹದಿನೆಂಟು ತಿಂಗಳಿಗೆ 50 ಲಕ್ಷದವರೆಗೆ. ಹಳೆಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಅಂದರೆ ಎಸ್‌ಇಆರ್‌ಬಿ ಈಗ 2023ರ ಕಾಯಿದೆಯ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿದೆ. ಐದು ವರ್ಷಕ್ಕೆ 50,000 ಕೋಟಿ ಎಂದು ಘೋಷಿಸಿದ ಪ್ರತಿಷ್ಠಾನ ಅದು. ಅದರಲ್ಲಿ 36,000 ಕೋಟಿ ಖಾಸಗಿಯವರಿಂದ ಬರಬೇಕೆಂಬ ಲೆಕ್ಕ. ಬರಲಿ ಎಂದು ಹಾರೈಸುತ್ತೇನೆ, ಆದರೆ ಅದನ್ನು ನಂಬಿ ಯಾವ ಮೇಷ್ಟ್ರೂ ಕಾಯಬಾರದು. ಕರ್ನಾಟಕದವರಿಗೆ ಹತ್ತಿರದ ಬಾಗಿಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ತನ್ನ ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅದು ಸಂಶೋಧನಾ ಹಣ ಕೊಡುತ್ತದೆ. ಚಿಕ್ಕ ಮೊತ್ತ ಎಂದು ಅಸಡ್ಡೆ ಬೇಡ. ಮೊದಲ ಚಿಕ್ಕ ಅನುದಾನವನ್ನು ಚೊಕ್ಕವಾಗಿ ಮುಗಿಸಿದ ದಾಖಲೆಯೇ ಎರಡನೆಯ ದೊಡ್ಡದಕ್ಕೆ ಆಧಾರ.

ಕಂಪನಿಗಳ ಸಿಎಸ್‌ಆರ್ ಹಣದ ಬಗ್ಗೆ ಭ್ರಮೆ ಬಹಳ. 2013ರ ಕಂಪನಿ ಕಾಯಿದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದು ಆಂಬುಲೆನ್ಸ್, ಡಯಾಲಿಸಿಸ್ ಯಂತ್ರ, ತಪಾಸಣಾ ಶಿಬಿರಗಳಿಗೆ ಸುಲಭವಾಗಿ ಹರಿಯುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಸಂಶೋಧನೆಗೆ ಕೊಡುವ ಹಣದಲ್ಲಿ ಕಾನೂನು ಸಾರ್ವಜನಿಕ ಸಂಸ್ಥೆಗಳ ಕಡೆಗೆ ವಾಲಿದೆ. ಆದರೆ ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ಕೇಳಿದರೆ ಬಾಗಿಲು ತೆರೆದೇ ಇದೆ. ಕೇಳುವವರು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಒಟ್ಟು ಪಾತ್ರೆ ಎಷ್ಟು ಚಿಕ್ಕದು ಎನ್ನುವುದನ್ನೂ ಹೇಳಬೇಕು. 2025–26ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಸುಮಾರು 99,859 ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ಪಾಲು ಸುಮಾರು 3,901 ಕೋಟಿ. ನೂರಕ್ಕೆ ನಾಲ್ಕು. ಅದರಲ್ಲೂ ದೊಡ್ಡ ಭಾಗ ಇರುವ ಸಂಸ್ಥೆಗಳನ್ನು ನಡೆಸುವುದಕ್ಕೇ ಬೇಕು. ಪಲ್ಲಾವರಂನ ಫಾರ್ಮಸಿ ಮೇಷ್ಟ್ರು ದೆಹಲಿಯ ಏಮ್ಸ್‌ನವರ ಜೊತೆ ಒಂದೇ ಸಾಲಿನಲ್ಲಿ ನಿಂತು ಉಳಿದದ್ದಕ್ಕೆ ಕೈ ಒಡ್ಡಬೇಕು.

ಗೆಲ್ಲುವ ದಾರಿ ಇದೆಯೇ? ಇದೆ, ಅದಕ್ಕೆ ಮಂಗಳೂರಿನವರು ಸಾಕ್ಷಿ. ದೇರಳಕಟ್ಟೆಯ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಬಹುಕಾಲದಿಂದ ಕೇಳುತ್ತಿದ್ದ ಪ್ರಶ್ನೆ: ಕ್ಷಯರೋಗಿಯ ಮನೆಯವರ ಹೊಟ್ಟೆ ತುಂಬಿದರೆ ಅವರಿಗೆ ರೋಗ ಬರುವುದು ತಪ್ಪುತ್ತದೆಯೇ? ಐಸಿಎಂಆರ್ ಹಣ ಕೊಟ್ಟಿತು, ಚೆನ್ನೈನ ಅದೇ ಕ್ಷಯ ಸಂಶೋಧನಾ ಸಂಸ್ಥೆ ಕೈಜೋಡಿಸಿತು. ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ತಿಂಗಳು ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ. 2023ರಲ್ಲಿ ಬಂದ ಫಲಿತಾಂಶ: ಹೆಚ್ಚಿನ ಆಹಾರ ಸಿಕ್ಕ ಮನೆಗಳಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆ, ಹರಡುವ ಶ್ವಾಸಕೋಶದ ಕ್ಷಯ ಶೇ 48ರಷ್ಟು ಕಡಿಮೆ. ಮರುವರ್ಷ ನವೆಂಬರಿನಿಂದ ರೋಗಿಗಳಿಗೆ ಕೊಡುವ ನಿಕ್ಷಯ್ ಪೋಷಣ್ ಹಣ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿತು. ಇಲ್ಲಿ ಹೊಸ ಅಣುವಿಲ್ಲ, ಹೊಸ ಯಂತ್ರವಿಲ್ಲ. ಯಾವ ಬಡವನೂ ಕೇಳಬಹುದಾದ ಪ್ರಶ್ನೆಯೊಂದನ್ನು, ಯಾವ ತಜ್ಞನೂ ಅಲ್ಲಗಳೆಯಲಾಗದ ಕ್ರಮದಲ್ಲಿ ಕೇಳಿದ್ದಾರೆ.

ಹಣ ಕೇಳುವವರ ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಪ್ರಶ್ನೆಗಿಂತ ಮೊದಲು ಯಂತ್ರ ಬರುತ್ತದೆ. ಎಷ್ಟು ಜನರನ್ನು ಪರೀಕ್ಷಿಸಬೇಕು ಎಂಬ ಲೆಕ್ಕವನ್ನು ಅರ್ಜಿ ಬರೆದು ಮುಗಿಸಿದ ಮೇಲೆ ಸಂಖ್ಯಾಶಾಸ್ತ್ರಜ್ಞರ ಬಳಿ ಒಯ್ಯುತ್ತಾರೆ. ಮೊದಲ ದಿನವೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ನೈತಿಕ ಸಮಿತಿಯ ಒಪ್ಪಿಗೆಗೆ ತಿಂಗಳುಗಳು ಬೇಕೆಂದು ಮರೆಯುತ್ತಾರೆ. ಖಾಸಗಿ ಸಂಸ್ಥೆಯಾದರೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಅಂದರೆ ಡಿಎಸ್‌ಐಆರ್‌ನ ಮಾನ್ಯತೆ ಕೇಳುತ್ತಾರೆ, ಅದು ಕಾಲೇಜಿಗೆ ಇದೆಯೇ ಎಂದು ಅಧ್ಯಾಪಕರಿಗೇ ಗೊತ್ತಿರುವುದಿಲ್ಲ. ಹಣ ಬಂದ ಮೇಲಿನ ಪಾಡು ಬೇರೆ. ಖರ್ಚಿನ ವಿನಿಯೋಗ ಪ್ರಮಾಣಪತ್ರ, ಎಲ್ಲರೂ ಯುಸಿ ಎಂದು ಕರೆಯುವ ಜಿಎಫ್‌ಆರ್ 12–ಎ ನಮೂನೆ, ಸರಿಯಾಗಿ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಕಂತು ತಡವಾದರೆ ಪ್ರಧಾನ ಸಂಶೋಧಕರ ಸಂಬಳ ನಿಲ್ಲುವುದಿಲ್ಲ, ಕ್ಷೇತ್ರಕ್ಕೆ ಹೋಗುವ ಹುಡುಗಿಯ ಸಂಬಳ ನಿಲ್ಲುತ್ತದೆ. ಕಾಲೇಜಿನ ಲೆಕ್ಕಪತ್ರ ವಿಭಾಗದ ಗುಮಾಸ್ತರಿಗೆ ಈ ನಿಯಮಗಳಲ್ಲಿ ತರಬೇತಿ ಕೊಡಿಸುವುದು ಆರೋಗ್ಯ ಸಂಶೋಧನೆಗೆ ಮಾಡುವ ದೊಡ್ಡ ಉಪಕಾರ ಎಂದು ನಾನು ಗಂಭೀರವಾಗಿ ನಂಬಿದ್ದೇನೆ.

ವಿದೇಶಿ ಹಣದ ದಾರಿ ಕಿರಿದಾಗಿದೆ. ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿ ಕಲ್ಪನಾ ಬಾಲಕೃಷ್ಣನ್ ಅವರ ತಂಡ ಭಾಗವಹಿಸಿದ ‘ಹೇಪಿನ್’ ಅಧ್ಯಯನಕ್ಕೆ ಎನ್‌ಐಎಚ್ ಮತ್ತು ಗೇಟ್ಸ್ ಪ್ರತಿಷ್ಠಾನ ಹಣ ಕೊಟ್ಟಿದ್ದವು. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾಗಳ ಸುಮಾರು 3,200 ಗರ್ಭಿಣಿಯರ ಮನೆಗಳಲ್ಲಿ ಸೌದೆ ಒಲೆಯ ಬದಲು ಗ್ಯಾಸ್ ಒಲೆ ಇಟ್ಟು ನೋಡಿದರು. ಮಗುವಿನ ಹುಟ್ಟುತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದು 2022ರಲ್ಲಿ ಪ್ರಕಟಿಸಿದರು. ಬಯಸಿದ ಉತ್ತರ ಬಾರದಿದ್ದಾಗಲೂ ಅದನ್ನು ಹೇಳುವ ಸ್ವಾತಂತ್ರ್ಯ ಒಳ್ಳೆಯ ಅನುದಾನದ ಲಕ್ಷಣ. ಅಂಥ ಅಂತರರಾಷ್ಟ್ರೀಯ ಕೆಲಸಕ್ಕೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು. ವಿದೇಶಿ ವಂತಿಗೆ ಕಾಯಿದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ, ಅದರಡಿ ಹಣ ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ಅದನ್ನು ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ದೊಡ್ಡ ಸಂಸ್ಥೆಯ ನೆರಳಿನಲ್ಲಿ ಬೆಳೆಯುತ್ತಿದ್ದ ಸಣ್ಣ ಸಂಘಗಳಿಗೆ ಇದು ನೇರ ಪೆಟ್ಟು. 2025ರಲ್ಲಿ ಅಮೆರಿಕದ ಯುಎಸ್‌ಏಡ್ ಹಣ ನಿಂತಿತು. ಮೇ ತಿಂಗಳಲ್ಲಿ ಎನ್‌ಐಎಚ್ ಕೂಡ, ಹೊಸ ವ್ಯವಸ್ಥೆ ಬರುವವರೆಗೆ, ವಿದೇಶಿ ಉಪ ಅನುದಾನಗಳನ್ನು ತಡೆಹಿಡಿಯಿತು. ವಾಷಿಂಗ್ಟನ್ನಿನ ಒಂದು ಸುತ್ತೋಲೆಗೆ ನಮ್ಮೂರಿನ ಲ್ಯಾಬ್ ಟೆಕ್ನಿಷಿಯನ್ ಮನೆಗೆ ಹೋಗುವುದಾದರೆ, ಆ ಕೆಲಸವನ್ನು ನಾವು ನಮ್ಮದೆಂದು ಎಂದೂ ತಿಳಿದಿರಲಿಲ್ಲ ಎಂದಾಯಿತು.

ಜನರನ್ನು ಕಟ್ಟುವ ಕೆಲಸ ಚೆನ್ನೈನಲ್ಲಿ ನಡೆಯುತ್ತಲೂ ಇದೆ. 1999ರಲ್ಲಿ ಕುಷ್ಠರೋಗದ ಕ್ಷೇತ್ರ ಘಟಕವನ್ನೂ ವೈದ್ಯಕೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನೂ ಒಂದುಗೂಡಿಸಿ ಐಸಿಎಂಆರ್ ಇಲ್ಲಿ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿತು. 2001ರಿಂದ ಅದು ಕ್ಷೇತ್ರ ಸಾಂಕ್ರಾಮಿಕ ರೋಗಶಾಸ್ತ್ರದ ಎರಡು ವರ್ಷದ ತರಬೇತಿ ನಡೆಸುತ್ತಿದೆ. ಓದುವವರು ಹೆಚ್ಚಿನ ಕಾಲ ಕಳೆಯುವುದು ತರಗತಿಯಲ್ಲಲ್ಲ, ಊರುಗಳಲ್ಲಿ, ರೋಗ ಹರಡಿದ ಜಾಗಗಳಲ್ಲಿ. ರಾಜ್ಯ ಸರ್ಕಾರಗಳ ವೈದ್ಯಾಧಿಕಾರಿಗಳು ಇಲ್ಲಿ ಕಲಿತು ತಮ್ಮ ಜಿಲ್ಲೆಗೆ ಹಿಂದಿರುಗುತ್ತಾರೆ. ಇನ್ನೊಂದು ತುದಿಯಲ್ಲಿ, 2021ರಲ್ಲಿ ತಮಿಳುನಾಡು ಶುರು ಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಮಹಿಳಾ ಸ್ವಯಂಸೇವಕಿಯರು ಬಿಪಿ, ಸಕ್ಕರೆ ಕಾಯಿಲೆಯವರ ಮನೆಗೇ ಹೋಗಿ ಪರೀಕ್ಷಿಸಿ ಮಾತ್ರೆ ತಲುಪಿಸುತ್ತಾರೆ. ನಮ್ಮ ಆಶಾ ಅಕ್ಕಂದಿರ ಹಾಗೆಯೇ, ಬೀದಿಯ ಯಾವ ಮನೆಯಲ್ಲಿ ಯಾರು ಕೆಮ್ಮುತ್ತಿದ್ದಾರೆ ಎಂದು ಇವರಿಗೆ ಗೊತ್ತು.

ಈ ಎರಡು ತುದಿಗಳ ನಡುವೆ ದೊಡ್ಡ ಖಾಲಿ. ಪ್ರಾಜೆಕ್ಟಿನ ಫೀಲ್ಡ್ ಇನ್ವೆಸ್ಟಿಗೇಟರ್ ಎಂಬ ಹುದ್ದೆ ಅಲ್ಲಿದೆ. ಎಂಎಸ್‌ಡಬ್ಲ್ಯು ಅಥವಾ ನರ್ಸಿಂಗ್ ಓದಿದ ಹುಡುಗಿ, ಆರು ತಿಂಗಳಿಗೋ ಒಂದು ವರ್ಷಕ್ಕೋ ನೇಮಕ. ಒಪ್ಪಿಗೆ ಪತ್ರವನ್ನು ಓದಲು ಬಾರದ ಅಜ್ಜಿಗೆ ತಿಳಿಸಿ ಹೇಳುವುದು, ಬಾಗಿಲು ಹಾಕಿಕೊಂಡ ಮನೆಗೆ ಮೂರನೆಯ ಸಲ ಹೋಗುವುದು, ಸುಳ್ಳು ಉತ್ತರವನ್ನು ಗುರುತಿಸುವುದು, ಇವೆಲ್ಲ ಅವಳಿಗೆ ಕರಗತವಾಗುವ ಹೊತ್ತಿಗೆ ಪ್ರಾಜೆಕ್ಟು ಮುಗಿಯುತ್ತದೆ. ಪ್ರಬಂಧದಲ್ಲಿ ಅವಳ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬಂದರೆ ದೊಡ್ಡದು. ಅವಳು ಯಾವುದೋ ವಿಮಾ ಕಂಪನಿಯ ಕಾಲ್ ಸೆಂಟರಿಗೆ ಸೇರುತ್ತಾಳೆ. ಮುಂದಿನ ಪ್ರಾಜೆಕ್ಟು ಇನ್ನೊಬ್ಬ ಹೊಸಬಳಿಂದ ಶುರುವಾಗುತ್ತದೆ. ನಾವು ಮತ್ತೆ ಮತ್ತೆ ಹಣ ಸುರಿದು ಮತ್ತೆ ಮತ್ತೆ ಕಳೆದುಕೊಳ್ಳುತ್ತಿರುವ ಸಂಪತ್ತು ಇದು.

ಹಾಗಾದರೆ ಪಲ್ಲಾವರಂನಲ್ಲಿ ಒಂದು ಅರ್ಜಿ ಬರೆಯುವುದಾದರೆ ಹೇಗಿರಬೇಕು? ಐಸಿಎಂಆರ್‌ನ ಸಣ್ಣ ಅನುದಾನವೇ ಸಾಕು ಎಂದುಕೊಳ್ಳೋಣ. ಪ್ರಶ್ನೆ: ನಾಗಲ್‌ಕೇಣಿ ಮತ್ತು ಸುತ್ತಲಿನ ಬೀದಿಗಳಲ್ಲಿ ನೀರು ಎಲ್ಲಿಂದ ಬರುತ್ತದೆ, ಯಾರಿಗೆ ಯಾವ ಕಾಯಿಲೆ ಬರುತ್ತದೆ, ಮೂರು ವರ್ಷ ಬಿಡದೆ ಹಿಂಬಾಲಿಸಿದರೆ ಏನು ಕಾಣುತ್ತದೆ. ಮುನ್ನಡೆಸಲು ಸ್ಥಳೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರದ ಅಧ್ಯಾಪಕರು, ಜೊತೆಗೆ ನರ್ಸಿಂಗ್ ಮತ್ತು ಫಾರ್ಮಸಿಯವರು. ಮಹಾನಗರಪಾಲಿಕೆಯ ಆರೋಗ್ಯ ವಿಭಾಗವನ್ನು ಮೊದಲ ಸಭೆಗೇ ಕರೆಯಬೇಕು, ವರದಿ ಬಂದ ಮೇಲಲ್ಲ. ಮನೆಮನೆಗೆ ಹೋಗಲು ಅದೇ ಬೀದಿಗಳ ಹತ್ತು ಹೆಣ್ಣುಮಕ್ಕಳು, ಮೂರು ವರ್ಷದ ಪೂರ್ತಿ ಸಂಬಳದ ಮೇಲೆ. ಕಂತು ತಡವಾದರೂ ಮೂರು ತಿಂಗಳ ಸಂಬಳವನ್ನು ಕಾಲೇಜು ತನ್ನ ನಿಧಿಯಿಂದ ಮುಂಗಡ ಕೊಡುವುದಾಗಿ ಲಿಖಿತ ಒಪ್ಪಿಗೆ. ಅವರಲ್ಲಿ ಪ್ರತಿಯೊಬ್ಬಳಿಗೂ ಮಾಹಿತಿ ಸಂಗ್ರಹ, ಸಂಶೋಧನಾ ನೀತಿ, ಮಾದರಿ ತೆಗೆಯುವ ವಿಧಾನಗಳಲ್ಲಿ ಮಾನ್ಯತೆ ಇರುವ ಕೋರ್ಸು, ಅದರ ಶುಲ್ಕ ಬಜೆಟ್ಟಿನ ಮೊದಲ ಸಾಲಿನಲ್ಲಿ. ಪ್ರಬಂಧದಲ್ಲಿ ಅವರ ಹೆಸರು ಲೇಖಕರ ಸಾಲಿನಲ್ಲಿ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ವಾಂತಿಭೇದಿ ಬಂದರೆ ಮೊದಲ ಗಂಟೆಯಲ್ಲೇ ಬಾಗಿಲು ತಟ್ಟಬಲ್ಲ ತಂಡ ಇದೇ ಆಗಿರುತ್ತದೆ ಎಂದು ಅರ್ಜಿಯಲ್ಲೇ ಬರೆಯಬೇಕು. ಪರಿಶೀಲಕರು ಬಜೆಟ್ಟು ಕತ್ತರಿಸಿ ಎಂದರೆ ಕತ್ತರಿಸಬೇಕಾದದ್ದು ಯಂತ್ರವನ್ನು. ಲೋಹದ ಅಂಶ ಅಳೆಯುವ ಉಪಕರಣ ಐಐಟಿ ಮದ್ರಾಸಿನ ವಿಶ್ಲೇಷಣಾ ಕೇಂದ್ರದಲ್ಲಿದೆ. ಮಾದರಿಗಿಷ್ಟು ಎಂದು ಶುಲ್ಕ ಕಟ್ಟಿದರೆ ಅಳೆದು ಕೊಡುತ್ತಾರೆ.